ಮೂರನೆಯ ಬುರುಜು

ಜನವರಿ 11

ಅಕ್ಕಾ,

ಬೈಯುವ ಮೊದಲು ಪೂರ್ತಿ ಓದು. ಕ್ಲಿನಿಕ್ಕಿನ ಹಿಂದಿನ ಬೀದಿಯ ಗುಜರಿ ಅಂಗಡಿಯಲ್ಲಿ, ಹಳೆಯ ನಲ್ಲಿಗಳ ಡಬ್ಬದ ಪಕ್ಕ, ಒಂದು ಪ್ಲಾಸ್ಟಿಕ್ ಚೀಲ ಬಿದ್ದಿತ್ತು. ಒಳಗೆ ಇಪ್ಪತ್ತೇಳು ನಾಣ್ಯ. ಅಂಗಿಯ ಗುಂಡಿಗಿಂತ ತುಸು ದೊಡ್ಡವು. ಮಣ್ಣು ಮೆತ್ತಿ, ಯಾರೋ ತುಳಿದ ಆಡಿನ ಹಿಕ್ಕೆಯ ಹಾಗಿವೆ.

"ಇವೇನಪ್ಪಾ?" ಎಂದೆ.

"ಹಳೇ ಬಿಲ್ಲೆ ಸಾರ್, ಕರಗಿಸೋಕೆ ಇಟ್ಟಿದೀನಿ. ತಲೆ ಇದೆ ನೋಡಿ" ಎಂದವನೇ ಒಂದನ್ನು ಬಾಯಿಗೆ ಹಾಕಿಕೊಂಡು ಚೀಪಿ, ಪ್ಯಾಂಟಿಗೆ ಉಜ್ಜಿ ತೋರಿಸಿದ. ದಿನಕ್ಕೆ ಇಪ್ಪತ್ತು ಬಾಯಿ ನೋಡುವ ನಾನೇ ಮುಖ ತಿರುಗಿಸಿದೆ. ಆದರೆ ತಲೆ ನಿಜವಾಗಿಯೂ ಇತ್ತು. ಎಲೆಮಾಲೆ ತೊಟ್ಟ ತಲೆ. ಕೊನೆಗಾಲದ ರೋಮನ್ ಕಂಚು ಎಂದು ನನ್ನ ಊಹೆ. ಮ್ಯೂಸಿಯಮ್ಮಿನ ನಾಣ್ಯದ ಕೋಣೆಯಲ್ಲಿ ಕೂತು ನೀನು ಮೂವತ್ತೊಂದು ವರ್ಷದಿಂದ ಪಟ್ಟಿ ಮಾಡುತ್ತಿರುವುದು ಇವನ್ನೇ ತಾನೆ?

ಚೀಲ ಈಗ ನನ್ನ ಹತ್ತಿರ ಇದೆ. ಫೋನಿನಲ್ಲಿ ಫೋಟೋ ಕಳಿಸಿದರೆ ನೀನು ತೆರೆದು ನೋಡುವವಳಲ್ಲ. ಅದಕ್ಕೇ ಈ ಕಾಗದ.

ನಿನ್ನ ತಮ್ಮ

*

ಜನವರಿ 19

ತಮ್ಮಯ್ಯಾ,

ಪೂರ್ತಿ ಓದಿಯೇ ಬೈಯುತ್ತಿದ್ದೇನೆ. ಎಲ್ಲಿ ಸಿಕ್ಕಿತೆಂದು ಗೊತ್ತಿಲ್ಲದ ನಾಣ್ಯ ಅರ್ಧ ಸತ್ತ ನಾಣ್ಯ. ಯಾವನೋ ಗುಂಡಿ ತೋಡಿದ, ಮಡಕೆ ಒಡೆದ, ಒಂದಷ್ಟನ್ನು ಅಲ್ಲಿ ಮಾರಿದ, ಒಂದಷ್ಟನ್ನು ಇಲ್ಲಿ. ಉಳಿದ ಎಂಜಲನ್ನು ಗುಜರಿಗೆ ಹಾಕಿದ. ಅದನ್ನು ನೀನು ಆರಿಸಿಕೊಂಡು ಬಂದೆ. ಇಂಥ ಚೀಲಗಳನ್ನು ಕಂಡರೆ ನನಗೆ ಹೇಸಿಗೆ. ಕರಗಿಸಿಬಿಡುತ್ತಿದ್ದ ಎನ್ನುವುದೊಂದೇ ನಿನ್ನ ಪರವಾಗಿರುವ ಮಾತು.

ಫೋನಿನ ವಿಷಯ. ಬಾಯಿ ನೋಡದೆ ಫೋನಿನಲ್ಲಿ ಔಷಧಿ ಹೇಳಲ್ಲ ಅಂತ ನಿನ್ನ ರೋಗಿಗಳಿಗೆ ಗದರುತ್ತೀಯಲ್ಲ, ನಾನೂ ಹಾಗೇ. ನಾಣ್ಯ ಕೈಯಲ್ಲಿರಬೇಕು.

ನಮ್ಮಲ್ಲಿ ತೊಳೆಸೋಣವೆಂದರೆ ಕೆಮಿಸ್ಟ್ ನಿವೃತ್ತನಾದ ಮೇಲೆ ಆ ಕೋಣೆಗೆ ಬೀಗ. ನಿರ್ದೇಶಕರ ಕಾರ್ಯಕ್ರಮದ ಬ್ಯಾನರುಗಳನ್ನು ಸಿಂಕಿನೊಳಗೆ ತುರುಕಿದ್ದಾರೆ. ಆದ್ದರಿಂದ ನೀನೇ ಮಾಡು, ನಾನು ಹೇಳಿದಷ್ಟನ್ನೇ ಮಾಡು. ಕ್ಲಿನಿಕ್ಕಿನಲ್ಲಿ ಡಿಸ್ಟಿಲ್ಡ್ ವಾಟರ್ ಇರುತ್ತದೆ, ಅದರಲ್ಲಿ ನೆನೆಹಾಕು. ನೀರು ದಿನಾ ಬದಲಾಯಿಸು. ಮೆತ್ತನೆಯ ಬ್ರಷ್ಷು, ಮರದ ಕಡ್ಡಿ, ಅಷ್ಟೇ. ವಿನೆಗರ್ ಬೇಡ, ಉಗುಳು ಬೇಡ. ಹಲ್ಲಿನ ಪಾಚಿ ಕೆರೆಯುವ ನಿನ್ನ ಉಕ್ಕಿನ ಕೊಕ್ಕೆ ಹತ್ತಿರಕ್ಕೂ ಸುಳಿಯಬಾರದು. ಹಿಟ್ಟಿನಂತೆ ಉದುರುವ ತಿಳಿಹಸಿರು ಕಿಲುಬು ಕಂಡರೆ ಆ ನಾಣ್ಯವನ್ನು ಬೇರೆ ಇಡು. ಅದು ರೋಗ, ಪಕ್ಕದ್ದಕ್ಕೂ ಹತ್ತುತ್ತದೆ.

ಅಕ್ಕ

*

ಫೆಬ್ರವರಿ 3

ಅಕ್ಕಾ,

ಹತ್ತು ದಿನ ಆಯಿತು. ಮೊದಲ ಮೂರು ದಿನದ ನೀರು ಚಹಾದ ಬಣ್ಣ, ಆಮೇಲಿನ ಮೂರು ದಿನ ಪಾಚಿ ನೀರು. ಈಗ ಸುಮಾರು ತಿಳಿ. ವಾಸನೆ ಮಾತ್ರ, ತಿಂಗಳುಗಟ್ಟಲೆ ಹಲ್ಲುಜ್ಜದವನ ಬಾಯಿಯದೇ. ನಮ್ಮ ಮನೆಯವಳು ಹೇಳಿದ್ದು ಕೇಳು: "ದಿನವಿಡೀ ಊರವರ ಕೊಳೆ ತೆಗೆದದ್ದು ಸಾಲದೆ ಈಗ ಸತ್ತವರ ಕೊಳೆ ಮನೆಗೆ ತಂದ್ರಾ?" ಅಡುಗೆಮನೆಯ ಒಂದು ಬಟ್ಟಲನ್ನೂ ಮುಟ್ಟಗೊಡುವುದಿಲ್ಲ. ಹಲ್ಲಿನ ಅಚ್ಚು ತೆಗೆಯುವ ರಬ್ಬರ್ ಬಟ್ಟಲುಗಳಲ್ಲಿ, ಒಂದೊಂದಕ್ಕೂ ನಂಬರ್ ಹಾಕಿ ನೆನೆಸಿದ್ದೇನೆ.

ಮೂರಕ್ಕೆ ನೀನು ಹೇಳಿದ ಹಿಟ್ಟುರೋಗ ಬಂದಿದೆ. ಬೇರೆ ಇಟ್ಟಿದ್ದೇನೆ. ನೋಡಿದರೆ ಮೈ ಜುಮ್ಮೆನ್ನುತ್ತದೆ, ಆದರೂ ದಿನಕ್ಕೆರಡು ಸಲ ಹೋಗಿ ನೋಡುತ್ತೇನೆ.

ನಿಜ ಹೇಳಲೇ? ಬಾಯಿಗಳು ಸಾಕಾಗಿವೆ ನನಗೆ. ನಾಣ್ಯಕ್ಕೆ ನಾಲಗೆ ಇಲ್ಲ, ನೋವು ಎನ್ನುವುದಿಲ್ಲ, ಮಧ್ಯೆ ಉಗುಳಬೇಕು ಎನ್ನುವುದಿಲ್ಲ.

ಹದಿನಾಲ್ಕನೆಯದನ್ನು ಇದರೊಂದಿಗೆ ಕಳಿಸಿದ್ದೇನೆ. ಹಿಂಬದಿಯಲ್ಲಿ ಇಟ್ಟಿಗೆ ಗೋಡೆಯಂಥದ್ದೇನೋ ಇದೆ.

ತಮ್ಮ

*

ಫೆಬ್ರವರಿ 12

ತಮ್ಮಯ್ಯಾ,

ಗೋಡೆಯಲ್ಲ, ಕೋಟೆಬಾಗಿಲು. ಆ ಕಾಲದ ಕಂಚಿನಲ್ಲಿ ಸಾವಿರಾರು ಸಿಗುತ್ತವೆ. ಬಾಗಿಲು, ಮೇಲೆ ಎರಡು ಬುರುಜು, ಬುರುಜುಗಳ ನಡುವೆ ಒಂದು ನಕ್ಷತ್ರ. ಕೆಳಗೆ ಟಂಕಸಾಲೆಯ ಗುರುತು. ನಿನ್ನದರಲ್ಲಿ ಗುರುತು ಸ್ಪಷ್ಟವಾಗಿದೆ. ಎಡ ಬುರುಜಿನಿಂದ ಬಾಗಿಲಿನವರೆಗೆ ಕೂದಲೆಳೆಯಷ್ಟು ಉಬ್ಬುಗೆರೆಯೂ ಇದೆ. ಅಚ್ಚು ಬಿರುಕು ಬಿಟ್ಟಿದ್ದರೆ ಹಾಗೆ ಮೂಡುತ್ತದೆ. ಆ ಅಚ್ಚಿನಿಂದ ಹೊಡೆದ ಇನ್ನೊಂದು ನಾಣ್ಯ ಸಿಕ್ಕಿದರೆ ಅದರಲ್ಲೂ ಅದೇ ಗೆರೆ ಇರುತ್ತದೆ. ನೀನು ತೆಗೆಯುವ ಹಲ್ಲಿನ ಅಚ್ಚಿನ ಹಾಗೇ.

ಈಗ ವಿಷಯಕ್ಕೆ ಬರುತ್ತೇನೆ. ಎರಡು ಬುರುಜುಗಳ ನಡುವೆ ಕಿಲುಬಿನ ಗಟ್ಟಿ ಉಂಡೆಯಿದೆ. ಒಳಗೆ ನಕ್ಷತ್ರವಿರಬೇಕು. ಆದರೆ ನಕ್ಷತ್ರಕ್ಕೆ ಉಂಡೆ ತುಸು ಉದ್ದವಾಯಿತು.

ನನಗೆ ನಾಣ್ಯ ಓದಲು ಕಲಿಸಿದ ಮೇಷ್ಟ್ರು ನಿನಗೆ ನೆನಪಿರಬಹುದು, ನಮ್ಮ ಮನೆಗೆ ಬಂದಾಗಲೆಲ್ಲ ಜೇಬಿನಿಂದ ಲೆನ್ಸ್ ತೆಗೆದು ನಿನ್ನ ಹುಳುಕು ಹಲ್ಲು ನೋಡುತ್ತಿದ್ದರು. ಈ ಟಂಕಸಾಲೆಯನ್ನು ಎಲ್ಲರೂ ಹೇಳುವುದಕ್ಕಿಂತ ಮುಂಚೆಯೇ ತೆರೆದಿದ್ದರು ಎಂದು ಅವರು ಬರೆದರು. ಹಾಗಿದ್ದರೆ ಇಲ್ಲಿಂದಲೂ ಹಳೆಯ ಮಾದರಿಯ, ಮೂರು ಬುರುಜಿನ ಬಾಗಿಲು ಬಂದಿರಬೇಕು. ಒಂದೂ ಸಿಗಲಿಲ್ಲ. ತುಂಬಿದ ಸಭೆಯಲ್ಲಿ, ನಾವು ಬಿಳಿಗಡ್ಡ ಎಂದು ಕರೆಯುವ ಇನ್ನೊಬ್ಬ ನಾಣ್ಯ ವಿದ್ವಾಂಸ ಎದ್ದು, "ಬುರುಜು ಮೇಷ್ಟ್ರ ತಲೆಯೊಳಗೆ ಇದೆ, ನಾಣ್ಯದ ಮೇಲಿಲ್ಲ" ಎಂದ. ಜನ ನಕ್ಕರು. ಮೇಷ್ಟ್ರು ಅದನ್ನು ನುಂಗಿಕೊಂಡೇ ತೀರಿಹೋದರು. ಅವರ ಬಾಲ ಎಂದು ನನಗೆ ಬಿದ್ದ ಹೆಸರು ಇಂದಿಗೂ ಇದೆ.

ಆಗಸ್ಟ್ ಕೊನೆಗೆ ನನ್ನ ನೌಕರಿ ಮುಗಿಯುತ್ತದೆ. ಅಷ್ಟರಲ್ಲಿ ಮ್ಯೂಸಿಯಮ್ಮಿನ ಪಟ್ಟಿ ಅಚ್ಚಾಗಬೇಕು. ಅದರಲ್ಲಿ ಮೂರನೆಯ ಬುರುಜು ಒಂದು ಸಾಲಿನಲ್ಲಿ ಬಂದರೆ ಸಾಕು, ಮೂವತ್ತು ವರ್ಷದ ನಗು ನಿಲ್ಲುತ್ತದೆ. ಏನು ಸಿಗಬೇಕು ಎಂದು ತೊಳೆಯುವವನಿಗೆ ಹೇಳಬಾರದು, ಇದು ನಮ್ಮ ಕೋಣೆಯ ಮೊದಲ ಪಾಠ. ಹೇಳಿಬಿಟ್ಟೆ. ನೀನು ತಮ್ಮನಲ್ಲವೇ. ನಾಣ್ಯ ವಾಪಸು ಕಳಿಸಿದ್ದೇನೆ. ನಿಧಾನವಾಗಿ ಬಿಡಿಸು.

ಅಕ್ಕ

*

ಮಾರ್ಚ್ 2

ಅಕ್ಕಾ,

ಬುರುಜೇ. ಮೂರು ಬುರುಜು. ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೇನೆ. ಮ್ಯೂಸಿಯಮ್ಮಿಗೆ ನನ್ನ ದಾನ ಎಂದು ಬರೆದುಕೋ.

ಕ್ಲಿನಿಕ್ಕಿನಲ್ಲಿ ಜನ ಕಾಯುತ್ತಿದ್ದಾರೆ. ಇಷ್ಟೇ.

ತಮ್ಮ

*

ಮಾರ್ಚ್ 10

ನನ್ನ ತಮ್ಮಯ್ಯಾ,

ತೆರೆದೆ. ನೋಡಿದೆ. ಕುರ್ಚಿಯಿಂದ ಎದ್ದು ಕಾರಿಡಾರಿನ ಕೊನೆಯವರೆಗೆ ನಡೆದು ವಾಪಸು ಬಂದು ಮತ್ತೆ ನೋಡಿದೆ. ನಡುವೆ ನೆಟ್ಟಗೆ ಕಂಬ, ತುದಿಯಲ್ಲಿ ಗುಂಡು. ಪಕ್ಕದ ಎರಡರ ಹಾಗೇ ಇದೆ. ಮೇಷ್ಟ್ರ ಲೆನ್ಸಿನಲ್ಲೇ ನೋಡಿದೆ.

ಮರದ ಕಡ್ಡಿಯಲ್ಲೇ ಬಿಡಿಸಿದೆ ತಾನೆ? ಇರಲಿ, ನಿನ್ನ ಕೈ ನನಗೆ ಗೊತ್ತಿಲ್ಲವೇ. ಮೇಲೆ ಕಪ್ಪು ಮೇಣದ ತೆಳು ಲೇಪ ಕೊಟ್ಟಿದ್ದೇನೆ, ಗಾಳಿ ತಾಕದಂತೆ. ಏಪ್ರಿಲ್ ಕೊನೆಯ ವಾರ ವಿದ್ವಾಂಸರ ಸಭೆಯಿದೆ. ಪ್ರಬಂಧ ಬರೆಯಲು ಕೂತಿದ್ದೇನೆ.

ಉಳಿದ ಇಪ್ಪತ್ತಾರನ್ನೂ ಕಳಿಸು. ಒಟ್ಟಿಗೆ ಸಿಕ್ಕಿದ್ದನ್ನು ಒಟ್ಟಿಗೇ ನೋಡಬೇಕು.

ನಿನ್ನ ಅಕ್ಕ

*

ಏಪ್ರಿಲ್ 6

ಅಕ್ಕಾ,

ತಡವಾಯಿತು. ಕ್ಲಿನಿಕ್ಕಿನಲ್ಲಿ ಕಂಪ್ರೆಸರ್ ಕೆಟ್ಟಿತ್ತು. ಉಳಿದ ನಾಣ್ಯಗಳಿಗೆ ಇನ್ನೂ ನೆನೆಯುವುದು ಬೇಕು, ಆಮೇಲೆ ಕಳಿಸುತ್ತೇನೆ.

ಮೊನ್ನೆ ಒಬ್ಬ ಟೈಲರ್ ಬಂದಿದ್ದ. ಎದುರು ಬೀದಿಯ ಡಾಕ್ಟರು ಅವನ ಒಳ್ಳೆಯ ಹಲ್ಲನ್ನು ಕೊರೆದಿಟ್ಟಿದ್ದಾರೆ. ಯಾಕೆಂದರೆ ಬೇರೆ ಯಾರೋ ಬರೆದ ಚೀಟಿಯಲ್ಲಿ 'ಕೆಳಗೆ, ಎಡಕ್ಕೆ, ಹುಳುಕು' ಎಂದಿತ್ತು. "ಚುಚ್ಚಿದ ಕೂಡ್ಲೇ ಗೊತ್ತಾಗಲ್ವಾ ಡಾಕ್ಟ್ರೇ, ಒಳ್ಳೇದೋ ಕೆಟ್ಟದ್ದೋ ಅಂತ?" ಎಂದು ಕೇಳಿದ. ಗೊತ್ತಾಗುತ್ತದೆ ಎಂದೆ. "ಮತ್ತೆ ಯಾಕೆ ನಿಲ್ಲಿಸಲಿಲ್ಲ?" ಎಂದ. ಬಾಯಿ ಅಗಲಿಸಿ ಎಂದೆ. ಎದುರು ಬೀದಿಯ ಡಾಕ್ಟರನ್ನು ನೆನೆದರೆ ಅಸಹ್ಯವಾಗುತ್ತದೆ.

ಸಭೆಯನ್ನು ಮುಂದಿನ ವರ್ಷಕ್ಕೆ ಹಾಕಿಕೊಳ್ಳಲು ಬರುವುದಿಲ್ಲವೇ?

ತಮ್ಮ

*

ಮೇ 4

ತಮ್ಮಯ್ಯಾ,

ಮುಂದಿನ ವರ್ಷ ನಾನೆಲ್ಲಿರುತ್ತೇನೆ? ನಿನಗೆ ಟೈಲರ್ ಹಲ್ಲಿನ ಮೇಲಿರುವ ಗಮನ ನನ್ನ ನಿವೃತ್ತಿಯ ಮೇಲಿಲ್ಲ. ಉಳಿದವು ಇನ್ನೂ ಬಂದಿಲ್ಲ. ಮೂರು ತಿಂಗಳು ನೆನೆಯುವಂಥದ್ದೇನಿದೆ ಅದರಲ್ಲಿ?

ಪ್ರಬಂಧ ಓದಿದೆ. ಪರದೆಯ ಮೇಲೆ ನಿನ್ನ ನಾಣ್ಯ ಬಾಗಿಲಿನಷ್ಟೇ ದೊಡ್ಡದಾಗಿ ಬಂತು. ಮುಗಿದ ಮೇಲೆ ಬಿಳಿಗಡ್ಡ ಎದ್ದ. ಎಂಬತ್ತೊಂದು ವರ್ಷ, ಏಳುವುದಕ್ಕೇ ಒಂದು ನಿಮಿಷ ಬೇಕಾಯಿತು. "ಮೂವತ್ತು ವರ್ಷದ ಹಿಂದೆ ಇದೇ ಕೋಣೇಲಿ ಒಬ್ಬರನ್ನ ನೋಡಿ ಎಲ್ಲರೂ ನಗೋ ಹಾಗೆ ಮಾಡಿದೆ. ಅವರು ಇಲ್ಲ. ನೀವಿದ್ದೀರಿ. ನನ್ನದು ತಪ್ಪಾಯ್ತಮ್ಮಾ" ಎಂದು ಹೇಳಿ ಕೂತರು. ಅವನಿಗೆ 'ಕೂತರು' ಎಂದು ಬರೆದಿದ್ದೇನೆ, ನೋಡಿದೆಯಾ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ಅರ್ಧ ಜನ ಮೇಷ್ಟ್ರನ್ನು ನೋಡಿ ನಕ್ಕವರೇ. ಅದೇ ಬಾಯಿ, ಅದೇ ಹಲ್ಲು. ಒಬ್ಬ ದಲ್ಲಾಳಿ ನನ್ನ ಕೈ ಹಿಡಿದು, "ಇಂಥದ್ದು ಇನ್ನೊಂದು ಇದ್ರೆ ಹೇಳಿ ಮೇಡಂ" ಎಂದ. ಅವನ ಅಂಗೈ ಬೆವೆತಿತ್ತು. ಮನೆಗೆ ಬಂದು ಎರಡು ಸಲ ಸೋಪು ಹಚ್ಚಿ ತೊಳೆದೆ, ಅಂಟು ಹೋಗಲಿಲ್ಲ. ನಿರ್ದೇಶಕರು ಪಟ್ಟಿಯ ಮುಖಪುಟಕ್ಕೇ ಆ ಬುರುಜನ್ನು ಹಾಕಿಸುತ್ತಾರಂತೆ.

ಅಕ್ಕ

*

ಜೂನ್ 20

ಅಕ್ಕಾ,

ಇಪ್ಪತ್ತಾರೂ ಇದರೊಂದಿಗಿವೆ. ನೆನೆದದ್ದು ಸಾಕು.

ಇಪ್ಪತ್ತೆರಡನೆಯದನ್ನು ಹಗಲು ಬೆಳಕಿನಲ್ಲಿ ನೋಡು. ಅದನ್ನು ನಾನು ನೀರಿನಿಂದ ತೆಗೆದದ್ದು ಬಿಟ್ಟರೆ ಮುಟ್ಟಿಲ್ಲ. ಆ ಮುದುಕರು ಏಳುವುದಕ್ಕೆ ಒಂದು ನಿಮಿಷ ತೆಗೆದುಕೊಂಡರು ಎಂದು ಬರೆದೆಯಲ್ಲ, ಆ ಸಾಲನ್ನು ನುಂಗಲು ನನ್ನಿಂದ ಆಗಲಿಲ್ಲ.

ತಮ್ಮ

*

ಜುಲೈ 1

ಡಾಕ್ಟರೇ,

ಇಪ್ಪತ್ತೆರಡನ್ನು ನೋಡಿದೆ. ಎಡ ಬುರುಜಿನಿಂದ ಬಾಗಿಲಿನವರೆಗೆ ಕೂದಲೆಳೆಯ ಗೆರೆ. ಅದೇ ತಿರುವು, ಅದೇ ಕವಲು. ಎರಡೂ ಒಂದೇ ಅಚ್ಚಿನವು. ಇದರಲ್ಲಿ ಎರಡು ಬುರುಜುಗಳ ನಡುವೆ ನಕ್ಷತ್ರವಿದೆ. ಎಂಟು ಕಿರಣ, ಎಣಿಸಿದೆ. ಒಂದೇ ಅಚ್ಚು ಒಮ್ಮೆ ನಕ್ಷತ್ರವನ್ನು, ಇನ್ನೊಮ್ಮೆ ಬುರುಜನ್ನು ಹೆರುವುದಿಲ್ಲ.

ಹದಿನಾಲ್ಕರ ಮೇಣ ಒರೆಸಿದೆ. ಗುಂಡಿನ ಸುತ್ತ ಏಳು ಕಡೆ ಗೀರು. ಒಳಗೆ ಹಳದಿ ಕಂಚು ಹೊಸ ಬೀಗದ ಕೀಲಿಯ ಹಾಗೆ ಹೊಳೆಯುತ್ತಿದೆ. ಸಾವಿರದ ಏಳುನೂರು ವರ್ಷ ಮಣ್ಣಿನಲ್ಲಿದ್ದರೂ ನಕ್ಷತ್ರ ಉಳಿದಿತ್ತು. ನಿಮ್ಮ ಕುರ್ಚಿಯ ದೀಪದ ಕೆಳಗೆ ಉಳಿಯಲಿಲ್ಲ.

ನನ್ನ ಮೇಷ್ಟ್ರ ಹೆಸರನ್ನು ನಿಮ್ಮ ಎಂಜಲು ಕೊಕ್ಕೆಯಿಂದ ಕೆತ್ತಿದಿರಿ. ಗುಜರಿಯವನು ಚೀಪಿದನೆಂದು ಮುಖ ತಿರುಗಿಸಿದೆನೆಂದು ಬರೆದಿದ್ದಿರಿ. ಅವನು ಉಜ್ಜಿ ಸುಮ್ಮನಾದ. ನಿಮ್ಮನ್ನು ನೆನೆದರೆ ನನಗೆ ವಾಕರಿಕೆ ಬರುತ್ತದೆ.

*

ಜುಲೈ 9

ಅಕ್ಕಾ,

ಡಾಕ್ಟರೇ ಎನ್ನು, ಏನಾದರೂ ಎನ್ನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮರದ ಕಡ್ಡಿ ಮುರಿಯಿತು. ಎರಡನೆಯದೂ ಮುರಿಯಿತು. ಕೊಕ್ಕೆ ತೆಗೆದುಕೊಂಡೆ. ಮೈಕ್ರೋಸ್ಕೋಪಿನ ಪಕ್ಕದಲ್ಲಿ ನಿನ್ನ ಕಾಗದ ಇತ್ತು. 'ಮೂರನೆಯ ಬುರುಜು' ಎಂದು ನಾನು ಓದಿಯಾಗಿತ್ತು, ಹಾಗಾಗಿ ಅದೇ ಕಾಣುತ್ತಿತ್ತು. ಪಕ್ಕಕ್ಕೆ ಚಾಚಿದ್ದನ್ನೆಲ್ಲ ಕಿಲುಬು ಎಂದುಕೊಂಡೆ. ಮೊದಲ ಕಿರಣ ಹೋದಾಗ ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ. ಎರಡನೆಯದು ಹೋದಾಗ ಕೈಗೆ ಗೊತ್ತಾಯಿತು. ಪಾಚಿ ಕೆರೆದರೆ ಪುಡಿಯಾಗುತ್ತದೆ, ಒಳ್ಳೆಯ ಹಲ್ಲು ಕೆರೆದರೆ ಸುರುಳಿ ಬರುತ್ತದೆ. ಇದು ಸುರುಳಿ ಬಂತು. ಆಮೇಲೂ ಆರು ಉಳಿದಿದ್ದವು. ಕೆಳಗಿನದೊಂದನ್ನು ಬಿಟ್ಟೆ, ಅದೇ ಕಂಬವಾಯಿತು. ನಡುವಿನ ಚುಕ್ಕೆ ಗುಂಡಾಯಿತು. ಅರ್ಧಗಂಟೆಯ ಕೆಲಸ. ಹೊರಗೆ ರೋಗಿಗಳು ಪೇಪರ್ ಓದುತ್ತಾ ಕೂತಿದ್ದರು.

ಯಾಕೆ ನಿಲ್ಲಿಸಲಿಲ್ಲ ಎಂದರೆ, ಎರಡು ಕಿರಣ ಹೋದ ನಕ್ಷತ್ರವನ್ನು ನಿನಗೆ ಹೇಗೆ ಕಳಿಸಲಿ? ಹಾಳು ಮಾಡಿದೆ ಎನ್ನುತ್ತಿದ್ದೆ ನೀನು. ಪೂರ್ತಿ ಹಾಳು ಮಾಡಿದರೆ ನೀನು ಖುಷಿಪಡುವೆ ಎಂದು ಆ ಹೊತ್ತಿಗೆ ಲೆಕ್ಕ ಸರಿಯಾಗಿಯೇ ಕಂಡಿತು.

ನಿನ್ನ ಮಾರ್ಚ್ ಕಾಗದ ಬಂದಾಗ ಹೇಳಬೇಕೆಂದಿದ್ದೆ. 'ಮರದ ಕಡ್ಡಿಯಲ್ಲೇ ತಾನೆ' ಎಂದು ನೀನೇ ಕೇಳಿ, ಮುಂದಿನ ಸಾಲಿನಲ್ಲೇ 'ಇರಲಿ' ಎಂದಿದ್ದೆ. ನಿನಗೆ ಉತ್ತರ ಬೇಡ ಎಂದುಕೊಂಡೆ. ತಪ್ಪು ತಿಳಿದಿದ್ದರೆ ಅದೂ ನನ್ನದೇ.

ಟೈಲರ್ ಕಥೆಯಲ್ಲಿ ಎದುರು ಬೀದಿಯ ಡಾಕ್ಟರು ಇರಲಿಲ್ಲ. ನನ್ನ ಕ್ಲಿನಿಕ್ಕಿನ ಎದುರು ಬೀದಿಯಲ್ಲಿ ಇರುವುದು ಒಂದು ಲಾಂಡ್ರಿ.

ತಮ್ಮ

*

ಆಗಸ್ಟ್ 24

ತಮ್ಮಯ್ಯಾ,

ಒಂದೂವರೆ ತಿಂಗಳು ಬರೆಯಲಿಲ್ಲ. ನಿನ್ನ ಮೇಲಿನ ಸಿಟ್ಟು ಎರಡನೆಯ ವಾರಕ್ಕೇ ಮುಗಿದಿತ್ತು. ಉಳಿದದ್ದು ಬೇರೆ.

ನೀನು ತಪ್ಪು ತಿಳಿಯಲಿಲ್ಲ. ಮಾರ್ಚ್ ಹತ್ತರಂದು ಕಾರಿಡಾರಿನ ಕೊನೆಯವರೆಗೆ ಹೋಗಿ ಬಂದೆ ಎಂದು ಬರೆದಿದ್ದೆ. ಯಾಕೆ ಹೋದೆ ಎಂದು ಬರೆಯಲಿಲ್ಲ. ಕೊನೆಯಲ್ಲಿ ಕಿಟಕಿಯಿದೆ. ಬಿಸಿಲಿಗೆ ಹಿಡಿದು ನೋಡಿದೆ. ಗುಂಡಿನ ಎಡಕ್ಕೆ ಒಂದು ಹಳದಿ ಹೊಳಪು, ಸಾಸಿವೆಯ ಕಾಲು ಭಾಗದಷ್ಟು. ಮೂವತ್ತೊಂದು ವರ್ಷದಲ್ಲಿ ಅಂಥ ಹೊಳಪು ಕಂಡ ಎಷ್ಟೋ ನಾಣ್ಯಗಳನ್ನು ಮುಖಕ್ಕೆ ಹೊಡೆದ ಹಾಗೆ ವಾಪಸು ಮಾಡಿದ್ದೇನೆ. ಇದನ್ನು ಮಾತ್ರ ಒಳಗೆ ತಂದು ಕಪ್ಪು ಮೇಣ ಹಚ್ಚಿದೆ. ಗಾಳಿ ತಾಕದಂತೆ ಎಂದು ನಿನಗೆ ಬರೆದೆ. ತಾಕಬಾರದಿದ್ದದ್ದು ಕಣ್ಣು. ಸಭೆಯ ದಿನ ಕೈ ತೊಳೆದದ್ದು ದಲ್ಲಾಳಿಯ ಬೆವರಿಗಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವಳು ನಾನು. ನಿನಗೆ 'ವಾಕರಿಕೆ' ಎಂದು ಬರೆಯುವಾಗಲೂ ಬೆರಳಿನಲ್ಲಿ ಮೇಣದ ವಾಸನೆ ಇತ್ತು.

ನಿರ್ದೇಶಕರಿಗೆ ಹೇಳಿದೆ. "ಮೇಡಂ, ಗುಂಡಿಯಷ್ಟು ನಾಣ್ಯ. ಯಾರು ಬಗ್ಗಿ ನೋಡ್ತಾರೆ? ತಿಂಗಳಲ್ಲಿ ರಿಟೈರ್ ಆಗ್ತೀರಿ, ಮರ್ಯಾದೆಯಾಗಿ ಹೋಗಿ" ಎಂದರು. ಮುಖಪುಟದ ಪ್ರತಿ ಮೇಜಿನ ಮೇಲೇ ಇತ್ತು. "ಅದಕ್ಕೇ ಹೇಳ್ತಿದ್ದೀನಿ" ಎಂದೆ. ಅರ್ಥವಾಗಲಿಲ್ಲ ಅವರಿಗೆ. ಪ್ರಬಂಧ ಹಿಂತೆಗೆದುಕೊಂಡ ಪತ್ರವನ್ನು ನಾನೇ ಸಭೆಯ ಕಾರ್ಯದರ್ಶಿಗೆ ಕಳಿಸಿದ ಮೇಲೆ ಮುಖಪುಟ ಬದಲಾಯಿತು. ಈಗ ಅದರ ಮೇಲೆ ಮ್ಯೂಸಿಯಮ್ಮಿನ ಕಟ್ಟಡವಿದೆ.

ಬಿಳಿಗಡ್ಡರ ಮನೆಗೂ ಹೋಗಿದ್ದೆ. ಎರಡೂ ನಾಣ್ಯ ಮುಂದಿಟ್ಟೆ. ಲೆನ್ಸ್ ಹಾಕಿ ಬಹಳ ಹೊತ್ತು ನೋಡಿದರು.

"ಯಾರ ಕೈ ಇದು?"

"ನನ್ನ ತಮ್ಮಂದು."

"ಕೈ ಚೆನ್ನಾಗಿದೆ. ಮೇಣ?"

"ನಂದು."

ಲೆನ್ಸ್ ಮಡಿಸಿಟ್ಟರು. "ಹಾಗಾದ್ರೆ ನಾನು ಕೇಳಿದ ಕ್ಷಮೆ ವಾಪಸ್ ಕೊಟ್ಬಿಡಿ" ಎಂದರು. ತಮಾಷೆಯೋ ಏನೋ, ಮುಖ ನೋಡಿ ಗೊತ್ತಾಗಲಿಲ್ಲ. ಬಾಗಿಲವರೆಗೆ ಬಂದು, "ನಗಿಸಿದ್ದು ತಪ್ಪೇ. ಅದನ್ನ ಮಾತ್ರ ಇಟ್ಕೊಳ್ಳಿ" ಎಂದರು. ಮೇಷ್ಟ್ರ ಬುರುಜು ಇತ್ತೋ ಇಲ್ಲವೋ, ಈಗ ಇನ್ನೊಂದು ಸಿಕ್ಕಿದರೂ ಯಾರೂ ನಂಬುವುದಿಲ್ಲ. ಅವರ ಬಾಯಿಗೆ ಮಣ್ಣು ಹಾಕಿದವರು ನಾವಿಬ್ಬರು.

ಪಟ್ಟಿ ಅಚ್ಚಿಗೆ ಹೋಯಿತು. ನಿನ್ನ ದಾನದ ವಿವರ ಹೀಗೆ ಬರೆದಿದ್ದೇನೆ, ಆಕ್ಷೇಪವಿದ್ದರೆ ಕಾಲ ಮೀರಿದೆ:

'ಸಂಖ್ಯೆ 1614. ಕಂಚು. ಮುಂಬದಿ: ಎಲೆಮಾಲೆ ತೊಟ್ಟ ದೊರೆಯ ತಲೆ. ಹಿಂಬದಿ: ಕೋಟೆಬಾಗಿಲು, ಎರಡು ಬುರುಜು, ನಡುವೆ ಎಂಟು ಕಿರಣದ ನಕ್ಷತ್ರ. ಏಳು ಕಿರಣಗಳನ್ನು ಈಚೆಗೆ ಉಕ್ಕಿನ ಸಾಧನದಿಂದ ಕೆರೆದು ತೆಗೆದಿದೆ. ಅದೇ ಅಚ್ಚಿನ ನಾಣ್ಯ: 1615. ಸಿಕ್ಕಿದ ಜಾಗ: ಗೊತ್ತಿಲ್ಲ. ಕೆರೆದವರು: ದಾನಿ. ಹೇಳಿಕೊಟ್ಟವರು, ಮುಚ್ಚಿದವರು: ಈ ಪಟ್ಟಿಯ ಸಂಪಾದಕಿ.'

ಇಪ್ಪತ್ತೆರಡನೆಯದನ್ನೂ ಇಲ್ಲೇ ಇಟ್ಟುಕೊಂಡಿದ್ದೇನೆ. ಉಳಿದ ಇಪ್ಪತ್ತೈದು ವಾಪಸು ಬರುತ್ತಿವೆ, ಪ್ರತಿಯೊಂದಕ್ಕೂ ಚೀಟಿಯಿದೆ. ಒಂಬತ್ತನೆಯದಕ್ಕೆ ಮಾತ್ರ ಇಲ್ಲ. ಅದರ ಹಿಂಬದಿ ಇನ್ನೂ ಕಿಲುಬಿನ ಕೆಳಗಿದೆ. ನೀರಿನಲ್ಲಿ ಹಾಕು, ಮರದ ಕಡ್ಡಿ ಮುರಿದರೆ ಅವತ್ತಿಗೆ ಎದ್ದುಬಿಡು.

ಅದರಲ್ಲಿ ಏನಿರಬಹುದೆಂದು ನನಗೊಂದು ಊಹೆಯಿದೆ. ಬರೆಯುವುದಿಲ್ಲ.

ಅಕ್ಕ